ಸುಳಿ ಸುಟ್ಟ ಯಂತ್ರಕ್ಕೆ, ಊರು ನೋಡಿ ಬಂದವಳಿಂದ

ಇವರಿಗೆ,
ಶ್ರೀಯುತ ಲೇಸರ್ ಯಂತ್ರ ಮಹೋದಯರು,
ಬೇಡದ ಕೂದಲು ನಿರ್ಮೂಲನ ಕೇಂದ್ರ,
ಬಳೆ ಅಂಗಡಿಯ ಮಾಳಿಗೆಯ ಮೇಲೆ, ರಾಣೆಬೆನ್ನೂರು
(ತಿಂಗಳಿಗೊಂದು ದಿನ ಮಾತ್ರ, ಕರೆಂಟು ಇದ್ದರೆ)

ಬ್ಯಾಡಗಿ, ಸೆಪ್ಟೆಂಬರ್ 2009

ಮಾನ್ಯರೇ,

ತಾವೂ, ತಮ್ಮ ಕೆಂಪು ದೀಪವೂ, ತಮ್ಮ ಪಕ್ಕದಲ್ಲಿ ಸದಾ ಗುಂಯ್ ಎನ್ನುತ್ತ ನಿಂತಿರುವ ಸ್ಟೆಬಿಲೈಸರ್ ಅವರೂ ಕ್ಷೇಮವೆಂದು ನಂಬಿದ್ದೇನೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ದಲಾಲಿ ನಿಜಲಿಂಗಪ್ಪನವರ ಹಿರಿಯ ಮಗಳೂ, ಇಲ್ಲಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳೂ ಆದ ಅರುಣಾ ಎಂಬ ನಾನು ತಮಗೆ ಸಾಷ್ಟಾಂಗ ನಮಸ್ಕರಿಸಿ ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ. ಹೆಂಗಸರು ಸಾಷ್ಟಾಂಗ ಹಾಕಬಾರದೆಂದು ಹಿರಿಯರು ಹೇಳುತ್ತಾರೆ. ಆದರೆ ತಮ್ಮ ಸನ್ನಿಧಿಯಲ್ಲಿ ನಾನು ಪ್ರತಿ ಸಲವೂ ಬೋರಲಾಗಿಯೇ ಮಲಗಿದ್ದೆನಾದ್ದರಿಂದ ನಮ್ಮಿಬ್ಬರ ನಡುವೆ ಆ ಸಂಕೋಚ ಉಳಿದಿಲ್ಲ.

ತಾವು ದೂರದ ದೇಶದಲ್ಲಿ ಹುಟ್ಟಿ, ದೊಡ್ಡ ಊರಿನಿಂದ ವ್ಯಾನಿನಲ್ಲಿ ಕುಳಿತು ನಮ್ಮ ಸೀಮೆಗೆ ದಯಮಾಡಿಸುವವರು. ಆದ್ದರಿಂದ ಇಲ್ಲಿ ಕೂದಲೆಂದರೆ ಬರೀ ಕೂದಲಲ್ಲ ಎಂಬ ಸಂಗತಿಯನ್ನು ಮೊದಲು ಅರಿಕೆ ಮಾಡಿಕೊಳ್ಳಬೇಕು. ನಮ್ಮಲ್ಲಿ ಎತ್ತು ಕೊಳ್ಳುವವರು ಮೊದಲು ಅದರ ಹಲ್ಲು ನೋಡುತ್ತಾರೆ, ಆಮೇಲೆ ಸುಳಿ ನೋಡುತ್ತಾರೆ. ಮೈಮೇಲೆ ಕೂದಲು ತಿರುಗಿಕೊಂಡು ದುಂಡಗೆ ಕೂತ ಜಾಗವೇ ಸುಳಿ. ಅದು ಒಂದು ಕಡೆ ಇದ್ದರೆ ಮನೆಗೆ ಲಕ್ಷ್ಮಿ ಬರುತ್ತಾಳೆ, ನಾಲ್ಕು ಬೆರಳು ಆಚೆಗಿದ್ದರೆ ಮನೆಯ ಯಜಮಾನ ಹೊರಡುತ್ತಾನೆ. ಎತ್ತಿಗೆ ಇರುವ ಈ ಕಾಯಿದೆ ಹೆಣ್ಣುಮಕ್ಕಳಿಗೂ ಇದೆ. ಈ ಒಂದು ವಿಷಯದಲ್ಲಿ ನಮ್ಮವರು ಭೇದಭಾವ ಮಾಡಿದ್ದನ್ನು ನಾನು ಕಂಡಿಲ್ಲ.

ಹೋದ ದೀಪಾವಳಿ ಮುಗಿದ ಮೇಲೆ ರಾಣೆಬೆನ್ನೂರಿನ ಬೀಜದ ವ್ಯಾಪಾರಿ ಗುಡದಪ್ಪನವರ ಮಗ ಯುವರಾಜ ಅವರು, ತಂದೆ ತಾಯಿ ಮತ್ತು ಅಜ್ಜಿ ದುರಗವ್ವನವರೊಡನೆ, ನನ್ನನ್ನು ನೋಡಲು ಬಂದರು. ದುರಗವ್ವನವರು ಹೋರಿ ಹಬ್ಬದ ಮಂದಿಯಲ್ಲಿ ಬಲು ಹೆಸರಾದವರು. ಕೊರಳಿಗೆ ಕೊಬ್ಬರಿ ಹಾರ ಕಟ್ಟಿಸಿಕೊಂಡು, ಹಿಡಿಯಲು ಬಂದವರನ್ನೆಲ್ಲ ಚೆದುರಿಸಿ ಓಡುವ ಅವರ ಮನೆಯ ಹೋರಿಗಳನ್ನೆಲ್ಲ ಸುಳಿ ನೋಡಿ ಆರಿಸಿದವರು ಅವರೇ. ನಾನು ಉಪ್ಪಿಟ್ಟಿನ ತಾಟು ಕೊಟ್ಟು ಬಗ್ಗಿ ನಮಸ್ಕರಿಸಿದಾಗ, ಆಶೀರ್ವಾದಕ್ಕೆಂದು ಎತ್ತಿದ ಕೈ ತಲೆಯ ಮೇಲೆ ನಿಲ್ಲದೆ ಕೆಳಗಿಳಿದು ನನ್ನ ಜಡೆಯನ್ನು ಎತ್ತಿ ಪಕ್ಕಕ್ಕಿಟ್ಟಿತು. "ಹುಡುಗಿ ಬಂಗಾರದಂಥಾಕಿ ಅದಾಳ. ಆದ್ರ ಗೋಣಿನ ಹಿಂದ ಸುಳಿ ಐತಿ. ಇದು ಅತ್ತೀ ಜೀವಕ್ಕ ಒಳ್ಳೇದಲ್ಲ" ಎಂದು ತೀರ್ಪು ಹೊರಬಿತ್ತು. ಅತ್ತೆಯಾಗಲಿದ್ದವರು ಬಾಯಿಗೊಯ್ದ ಉಪ್ಪಿಟ್ಟನ್ನು ತಾಟಿಗೆ ಇಳಿಸಿದರು. ನನ್ನ ತಂದೆ ಮಾಳಿಗೆಯ ಜಂತಿ ನೋಡತೊಡಗಿದರು. ಯುವರಾಜ ಅವರು ಕ್ರಿಕೆಟ್ ಆಡುವವರ ಟೋಪಿಯನ್ನು ಹುಬ್ಬಿನವರೆಗೂ ಎಳೆದುಕೊಂಡು, ತಾಟಿನಲ್ಲಿದ್ದ ಗೋಡಂಬಿಯನ್ನು ತದೇಕಚಿತ್ತದಿಂದ ಪರೀಕ್ಷಿಸುತ್ತಿದ್ದರು. ಮನೆಯೊಳಗೂ ಟೋಪಿ ಏಕೆಂದು ಯಾರಾದರೂ ಕೇಳುವ ಮೊದಲೇ ಅವರ ತಾಯಿ, "ಅವಗ ತಲಿ ಬ್ಯಾನಿ ಬರ್ತೈತ್ರಿ, ಗಾಳಿ ತಾಗಬಾರದು" ಎಂದಿದ್ದರು.

ದುರಗವ್ವನವರು ದೊಡ್ಡ ಮನಸ್ಸಿನವರು. "ಗಾಬರಿ ಆಗಬ್ಯಾಡ್ರಿ. ಈಗ ಎಲ್ಲಾದಕ್ಕೂ ಮಷೀನು ಬಂದಾವ. ಬೆಳಕಿನಾಗ ಸುಟ್ಟು ತಗೀತಾರ. ನಿಶ್ಚೆ ಈಗ ಆಗ್ಲಿ, ಲಗ್ನ ಸುಳಿ ಹೋದ ಮ್ಯಾಲೆ. ಆದ್ರ ರಾಣೇಬೆನ್ನೂರಾಗ ಮಾತ್ರ ತೋರಸಬ್ಯಾಡ್ರಿ, ಅಲ್ಲೆಲ್ಲಾ ನಮ್ಮ ಮಂದಿ ಇರ್ತಾರ" ಎಂದರು. ಹೋರಿಯ ಮೈ ತಡವಿ ಹಣ್ಣಾದ ಆ ಕೈಗೆ ಲೇಸರಿನ ಪರಿಚಯ ಹೇಗಾಯಿತೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ನಾನಂತೂ ವಿಜ್ಞಾನ ಹಳ್ಳಿಹಳ್ಳಿಗೂ ಮುಟ್ಟಿದೆಯಲ್ಲ ಎಂದು ಒಳಗೊಳಗೇ ಹೆಮ್ಮೆಪಟ್ಟೆ. ಮುಂದಿನ ವಾರ ನನಗೆ ಸೀರೆ ಉಡಿಸಿ, ಉಡಿ ತುಂಬಿ, ಸಕ್ಕರೆ ಹಂಚಿ ನಿಶ್ಚಯ ಮುಗಿಸಿದರು.

ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ ಎಂದು ಮಕ್ಕಳಿಗೆ ಪಾಠ ಹೇಳುವವಳು ಇದಕ್ಕೆಲ್ಲ ಕತ್ತು ಕೊಟ್ಟದ್ದೇಕೆ ಎಂದು ತಾವು ಕೇಳಬಹುದು. ಕಾರಣ ಬಹಳ ಸಣ್ಣದು. ಹೆಣ್ಣು ನೋಡಿ ಹೋದ ದಿನ ಸಂಜೆಯೇ ಯುವರಾಜ ಅವರು ಫೋನು ಮಾಡಿ, "ನಾ ಇವನ್ನೆಲ್ಲಾ ನಂಬೂದಿಲ್ರಿ. ಆದ್ರ ಹಿರ್ಯಾರ ಸಮಾಧಾನಕ್ಕ..." ಎಂದಿದ್ದರು. ನಾನು ಮೊದಲನೆಯ ಮಾತನ್ನು ಹಿಡಿದುಕೊಂಡು ಎರಡನೆಯದನ್ನು ಬಿಟ್ಟುಬಿಟ್ಟೆ. ಆಮೇಲೆ ದಿನವೂ ಒಂದು ಮಿಸ್ಡ್ ಕಾಲ್ ಬರುತ್ತಿತ್ತು, ನಾನು ಅಟ್ಟದ ಮೆಟ್ಟಿಲ ಮೇಲೆ ಕೂತು ತಿರುಗಿ ಮಾಡುತ್ತಿದ್ದೆ. ಹತ್ತಿಯ ಹೂವಿಗೆ ಇನ್ನೊಂದು ಹೂವಿನ ಪರಾಗವನ್ನು ಮುಟ್ಟಿಸಿ, ಆ ಹೂವಿಗೆ ಗುರುತಿನ ದಾರ ಕಟ್ಟುವ ಕೆಲಸವನ್ನು ಅವರು ಎಷ್ಟು ಪ್ರೀತಿಯಿಂದ ವರ್ಣಿಸುತ್ತಿದ್ದರೆಂದರೆ, ಮರುದಿನ ನಾನು ಅದನ್ನೇ ತರಗತಿಯಲ್ಲಿ ಪಾಠ ಮಾಡಿದ್ದುಂಟು. ನನಗೆ ಅವರು ಇಷ್ಟವಾಗಿದ್ದರು. ಬಹಿರಂಗ ಪತ್ರದಲ್ಲಿ ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ. ನಾಚಿಕೆಯಾಗಬೇಕಾದ ಕೂದಲನ್ನೇ ತಾವು ಎಲ್ಲರೆದುರು ಸುಟ್ಟಿದ್ದೀರಿ.

ಇನ್ನು ದುರಗವ್ವನವರು ಬೇಡವೆಂದ ರಾಣೆಬೆನ್ನೂರಿಗೇ ನಾವು ಬಂದದ್ದು ನನ್ನ ದೊಡ್ಡವ್ವ ಗದಿಗೆವ್ವಳ ಹೊಟ್ಟೆಯ ದೆಸೆಯಿಂದ. ಅವ್ವ ಅಂಗಡಿ ಮನೆ ಎರಡನ್ನೂ ಬಿಟ್ಟು ಬರುವಂತಿರಲಿಲ್ಲ, ಆದ್ದರಿಂದ ಜೊತೆಗೆ ಹೊರಟವಳು ಅವ್ವನ ಅಕ್ಕ. ಆಕೆಗೆ ಬಸ್ಸು ಅರ್ಧ ತಾಸಿಗಿಂತ ಹೆಚ್ಚು ಓಡಿದರೆ ಉಂಡದ್ದು ನಿಲ್ಲುವುದಿಲ್ಲ. ಹುಬ್ಬಳ್ಳಿ ದಾವಣಗೆರೆಗಳೆಲ್ಲ ಆ ಒಂದು ಕಾರಣಕ್ಕೆ ರದ್ದಾದವು. ಎಲ್ಲಿ ತೋರಿಸುತ್ತೇವೆಂದು ಫೋನಿನಲ್ಲೂ ಬಾಯಿ ಬಿಡಕೂಡದೆಂದು ಅವ್ವ ನನಗೆ ತಾಕೀತು ಮಾಡಿದಳು. ನನ್ನ ಕತ್ತಿನಲ್ಲಿ ಕೆಟ್ಟ ಸುಳಿಯಿದೆಯೆಂದು ಓಣಿಗೆ ತಿಳಿದರೆ ತಂಗಿ ಶ್ವೇತಾಳಿಗೂ ಗಂಡು ಸಿಗುವುದಿಲ್ಲವೆಂದು ಅವ್ವ ಹೆದರಿದ್ದರಿಂದ, ನಾವು ಊರು ನೋಡಲು ಹೋಗುತ್ತೇವೆಂದು ಹೇಳಿ ಹೊರಡುವುದೆಂದು ತೀರ್ಮಾನವಾಯಿತು. ಹೀಗೆ, ನೆಂಟರ ಮನೆಯ ಮದುವೆ ಸಾವುಗಳ ಹೊರತು ಎಲ್ಲಿಗೂ ಹೋಗದ ನಮ್ಮ ಮನೆತನದಲ್ಲಿ ಪ್ರವಾಸವೆಂಬುದನ್ನು ಆರಂಭಿಸಿದ ಕೀರ್ತಿ ತಮಗೆ ಸಲ್ಲಬೇಕು.

ತಮ್ಮ ಆಸ್ಥಾನದ ಶಿಸ್ತನ್ನು ಎಷ್ಟು ಹೊಗಳಿದರೂ ಕಡಿಮೆ. ಗುಟ್ಟು ಕಾಪಾಡುವ ಸಲುವಾಗಿ ಅಲ್ಲಿ ಯಾರನ್ನೂ ಹೆಸರಿನಿಂದ ಕರೆಯುವುದಿಲ್ಲ, ತಮ್ಮ ಸಹಾಯಕಿ ಸುರೇಖಾ ಅವರು ಬಾಗಿಲಿಗೆ ಬಂದು, "ಮ್ಯಾಲಿನ ತುಟಿ ಬರ್ರಿ, ಗದ್ದ ಇನ್ನೊಂದೀಟು ಕುಂದ್ರಿ, ಕುತ್ತಿಗಿ ಯಾರ್ರಿ?" ಎಂದು ಮೆಟ್ಟಿಲ ಕೆಳಗಿನ ಬಳೆ ಅಂಗಡಿಗೂ ಕೇಳುವಂತೆ ಕೂಗುತ್ತಾರೆ. ನಾನು ಕುತ್ತಿಗೆಯಾಗಿದ್ದೆ. ಕತ್ತನ್ನು ಬೋಳಿಸಿ, ತಣ್ಣಗಿನ ಅಂಟು ಬಳಿದು, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಸಿ ಮಲಗಿಸಿದ ಮೇಲೆ, ಒಗ್ಗರಣೆಯ ಸಾಸಿವೆ ಸಿಡಿದಂತೆ ಚಟ್ ಚಟ್ ಎಂದು ತಾವು ಕೆಲಸ ಶುರು ಮಾಡುತ್ತಿದ್ದಿರಿ. ಒಲೆಯಲ್ಲಿ ಕೂದಲು ಬಿದ್ದ ವಾಸನೆ ಬರುತ್ತಿತ್ತು. ಪಕ್ಕದಲ್ಲಿ ಕುಳಿತ ದೊಡ್ಡವ್ವ ಪ್ರತಿ ಸಿಡಿತಕ್ಕೂ ಒಬ್ಬೊಬ್ಬ ದೇವರ ಹೆಸರು ಹೇಳುತ್ತಿದ್ದಳು. ಅಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಅರ್ಧ ಸುಟ್ಟ ಸುಳಿಯನ್ನು ಹೊತ್ತುಕೊಂಡು ಎದ್ದು ಕುಳಿತವಳಿಗೆ ಸುರೇಖಾ ಅವರು, "ಮೂರ ತಾಸು ಬರೂದಿಲ್ರಿ. ಅಲ್ಲೀತನಾ ಊರು ನೋಡಿ ಬರ್ರಿ" ಎನ್ನುತ್ತಿದ್ದರು. ನಾವು ಮನೆಯಲ್ಲಿ ಹೇಳಿಬಂದ ಸುಳ್ಳನ್ನು ಖರೇ ಮಾಡಿಸಿ ನಮ್ಮನ್ನು ಪಾಪದಿಂದ ಪಾರು ಮಾಡಿದ ವಿದ್ಯುತ್ ಇಲಾಖೆಯವರಿಗೂ ಈ ಮೂಲಕ ವಂದನೆಗಳು.

ಮೊದಲ ಸಲ ನಾವು ನೋಡಿದ್ದು ಕೃಷ್ಣಮೃಗಗಳ ಅಭಯಾರಣ್ಯವನ್ನು. ಬಿಸಿಲಿಗೆ ಕತ್ತು ತೋರಿಸಬಾರದೆಂದು ತಮ್ಮೊಡನೆ ವ್ಯಾನಿನಲ್ಲಿ ಬರುವ ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು, ನೋಡಲು ಇದ್ದದ್ದೆಲ್ಲ ಬಿಸಿಲಿನಲ್ಲೇ ಇತ್ತು. ನಾನು ದೊಡ್ಡವ್ವನ ಶಾಲನ್ನು ತಲೆಯಿಂದ ಬೆನ್ನಿನವರೆಗೂ ಹೊದ್ದು, ನೀಲಗಿರಿ ಗಿಡಗಳ ನಡುವೆ ಜಿಂಕೆಯ ದಾರಿ ಕಾಯುತ್ತ ನಿಂತೆ. ಜಿಂಕೆಗಳು ನನ್ನನ್ನು ನೋಡಿ ಏನೆಂದುಕೊಂಡವೋ, ಒಂದೂ ಹೊರಗೆ ಬರಲಿಲ್ಲ. ಕೊನೆಗೆ ದೊಡ್ಡವ್ವ ದೂರದಲ್ಲಿ ಒಂದನ್ನು ಕಂಡು ಕೈಮುಗಿದಳು. ಅದು ಮ್ಯಾ ಎಂದಿತು. ಅಂದು ಊರಿಗೆ ಮರಳಿದ ಮೇಲೆ ಆಕೆ ಓಣಿಯ ಕಟ್ಟೆಯ ಮೇಲೆ ಕೂತು ಸುರುಳಿ ಕೋಡು, ಚಿಗರಿ ಹಾರಿದ ಎತ್ತರ, ಮರಿಯ ಕಣ್ಣು ಎಂದು ವರ್ಣಿಸಿದ್ದನ್ನು ಕೇಳಿದ್ದರೆ ಅರಣ್ಯ ಇಲಾಖೆಯವರು ಆಕೆಯನ್ನು ಕರೆದು ನೌಕರಿ ಕೊಡುತ್ತಿದ್ದರು.

ಇನ್ನೊಂದು ತಿಂಗಳು ತಮ್ಮ ಬಿಡಾರ ಹಾವೇರಿಯಲ್ಲಿತ್ತು. ಅಲ್ಲಿಯ ಸಿದ್ಧೇಶ್ವರ ಗುಡಿ ತಂಪಾಗಿತ್ತು. ಕರಿಗಲ್ಲಿನ ಕಂಬಕ್ಕೆ ಸುಟ್ಟ ಕತ್ತನ್ನು ಆನಿಸಿ ಎಷ್ಟೋ ಹೊತ್ತು ಕೂತಿದ್ದೆ, ಅದೊಂದು ಜಾಗದ ಬಗ್ಗೆ ನನ್ನಲ್ಲಿ ಯಾವ ದೂರೂ ಇಲ್ಲ. ಊರು ನೋಡಿದ್ದಕ್ಕೆ ಗುರುತು ಬೇಕೆಂದು ದೊಡ್ಡವ್ವ ಒಂದು ಏಲಕ್ಕಿ ಹಾರ ಕೊಂಡಳು. ಮಂತ್ರಿಗಳ ಕೊರಳಿಗೆ ಬೀಳುವಂಥ ಆ ಹಾರವನ್ನು ಮನೆಯ ಗೂಟಕ್ಕೆ ನೇತುಹಾಕಿದ್ದೇ, ಎದುರು ಮನೆಯ ಸುಗರಾಬಿ ಚಿಕ್ಕಮ್ಮನ ಅನುಮಾನ ಹೆಚ್ಚಿತು. ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಆಕೆ, "ಹಾವೇರಿ ಒಮ್ಮೆ ನೋಡಿದ್ರ ಸಾಕು. ರಾಣೇಬೆನ್ನೂರಾಗ ಅಂಥಾದ್ದೇನೈತಿ ಗದಿಗೆವ್ವಾ, ತಿಂಗಳಾ ತಿಂಗಳಾ ನೋಡಾಕ?" ಎಂದಳು. ದೊಡ್ಡವ್ವ ಒಂದಿಷ್ಟೂ ತಡವರಿಸದೆ, "ಕೆರಿ ಐತಿ. ಪ್ರತಿ ತಿಂಗಳಾ ನೀರು ಬ್ಯಾರೆ ಇರ್ತೈತಿ" ಎಂದುಬಿಟ್ಟಳು.

ತೊಟ್ಟು ಮುರಿಯುವ ಮಾತು ಬಂದದ್ದರಿಂದ ತಮ್ಮ ಗಮನಕ್ಕೆ ಇನ್ನೊಂದು ಸಂಗತಿ. ತಾವು ನಮ್ಮ ಊರಿಗೆ ಬಂದವರಲ್ಲ. ಜನವರಿಯಿಂದ ಏಪ್ರಿಲಿನವರೆಗೆ ಬ್ಯಾಡಗಿಯ ಪೇಟೆಯಲ್ಲಿ ನೆಲ ಕಾಣದಂತೆ ಕೆಂಪು ಕಾಯಿ ಹರಡಿರುತ್ತದೆ. ಗಾಳಿಯಲ್ಲೇ ಘಾಟು, ಊರಿಗೆ ಊರೇ ಸೀನುತ್ತಿರುತ್ತದೆ. ನಮ್ಮ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ದೇಶದ ವ್ಯಾಪಾರಿಗಳೆಲ್ಲ ಹೊಗಳುತ್ತಾರೆ. ಅವರಲ್ಲಿ ಒಬ್ಬರಾದರೂ ಲೇಸರ್ ಹೊಡೆಸಿಕೊಂಡ ಕತ್ತಿನಲ್ಲಿ ಅದರ ಧೂಳನ್ನು ಪರೀಕ್ಷಿಸಿದವರಲ್ಲವೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಅಪ್ಪನಿಗೆ ಊಟ ಕೊಡಲು ಅಂಗಡಿಗೆ ಹೋದ ದಿನ ನನ್ನ ಕತ್ತಿನ ಹಿಂದೆ ಒಲೆ ಹೊತ್ತಿತು. ರಾತ್ರಿಯೆಲ್ಲ ತಣ್ಣೀರ ಬಟ್ಟೆ ಹಾಕಿಕೊಂಡು ಮಲಗಿದೆ. ಬೆಳಿಗ್ಗೆ ಬೊಬ್ಬೆ, ಆಮೇಲೆ ಕರಿ ಕಲೆ. "ಎರಡು ತಿಂಗಳಾಗ ಹೊಕ್ಕೈತ್ರಿ, ಇದು ಎಲ್ಲಾರಿಗೂ ಆಗೂದ" ಎಂದು ಸುರೇಖಾ ಅವರು ಸಮಾಧಾನ ಹೇಳಿದರು. ಎಲ್ಲರಿಗೂ ಆಗುವುದು ನನಗೂ ಆಯಿತಲ್ಲ ಎಂಬ ಸಮಾನತೆಯ ಭಾವನೆಗಾಗಿ ನಾನು ತಮಗೆ ಋಣಿಯಾಗಿದ್ದೇನೆ.

ಅಂದು ಫೋನಿನಲ್ಲಿ ನಾನು ಅತ್ತುಬಿಟ್ಟೆ. ಯುವರಾಜ ಅವರು, "ಇನ್ನೊಂದೀಟು ತಡಕೋರಿ. ನನಗೂ ಗೊತ್ತೈತ್ರಿ, ಭಾಳ ಉರೀತೈತಿ" ಎಂದರು. ಅವರಿಗೆ ಹೇಗೆ ಗೊತ್ತೆಂದು ನನಗೆ ಹೊಳೆಯಲಿಲ್ಲ. ನನ್ನ ನೋವನ್ನು ತನ್ನದೆಂದುಕೊಳ್ಳುವ ಗಂಡು ಸಿಕ್ಕನಲ್ಲ ಎಂದು, ಉರಿಯುವ ಕತ್ತನ್ನು ಗೋಡೆಗೆ ತಾಗದಂತೆ ಹಿಡಿದುಕೊಂಡು ಸಂತೋಷಪಟ್ಟೆ.

ಹೋಗುತ್ತ ಹೋಗುತ್ತ ನೋಡುವ ಸ್ಥಳಗಳೇ ತೀರಿಹೋದವು. ಕೆರೆ ಆಯಿತು. ಹೊಸರಿತ್ತಿಯ ಗಾಂಧಿ ಶಾಲೆಯ ಮುಂದೆ ನಿಂತು ಮಕ್ಕಳು ನೂಲುವುದನ್ನು ನೋಡಿಬಂದೆವೆಂದು ದೊಡ್ಡವ್ವ ಓಣಿಯಲ್ಲಿ ಹೇಳಿದ್ದು ಪೂರ್ತಿ ಸುಳ್ಳು. ನಾವು ಅಂದು ಬಸ್ ನಿಲ್ದಾಣದಲ್ಲಿ ಕಬ್ಬಿನ ಹಾಲು ಕುಡಿಯುತ್ತ ಕೂತಿದ್ದೆವು. ಕುಮಾರಪಟ್ಟಣಕ್ಕೆ ಹೋಗಿ ಕಾರ್ಖಾನೆಯ ಚಿಮಣಿಯನ್ನು ರಸ್ತೆಯ ಈಚೆಯಿಂದ ನೋಡಿದೆವು. ದೊಡ್ಡವ್ವನಿಗೆ ಅದು ಬಹಳ ಹಿಡಿಸಿತು. "ಇದ ಚೊಲೋ ನೋಡವ್ವಾ. ಜಿಂಕಿಹಂಗ ಓಡಿ ಹೋಗೂದಿಲ್ಲ" ಎಂದಳು.

ಏಪ್ರಿಲಿನಲ್ಲಿ ಕೊನೆಯ ಸರದಿ. ನಮ್ಮದು ಯಾವಾಗಲೂ ಬೆಳಗಿನ ಹೊತ್ತು. ಅಂದು ನಾವು ಮೆಟ್ಟಿಲು ಹತ್ತುವಷ್ಟರಲ್ಲೇ ಕರೆಂಟು ಹೋಗಿ, ಸುರೇಖಾ ಅವರು ಸಂಜೆ ಬರಹೇಳಿದರು. ಬಾಕಿ ಉಳಿದಿದ್ದ ಐರಣಿಗೆ ಹೋಗಿ ತುಂಗಭದ್ರೆಯನ್ನು ನೋಡಿದೆವು. ಹೊಳೆಯಲ್ಲಿ ಬಿಸಿಲಿಗೆ ಬಂಡೆಗಳೇ ಹೆಚ್ಚಾಗಿದ್ದವು. ಅಲ್ಲಿ ಕೂತು ದೊಡ್ಡವ್ವ, ಇನ್ನು ಮುಂದೆ ನಿನ್ನ ಊರು ನೋಡುವುದೆಲ್ಲ ಗಂಡನ ಜೊತೆ ಎಂದು ನನ್ನ ಕೆನ್ನೆ ಹಿಂಡಿದಳು. ಹೊತ್ತು ಇಳಿದ ಮೇಲೆ ತಿರುಗಿ ತಮ್ಮ ಮಾಳಿಗೆ ಹತ್ತಿದಾಗ, ಕಾಯುವ ಬೆಂಚಿನ ಮೇಲೆ ಮುಖದ ತುಂಬ ಸೆರಗು ಎಳೆದುಕೊಂಡ ಒಬ್ಬ ಮುದುಕಿಯೂ, ಏಪ್ರಿಲಿನ ಧಗೆಯಲ್ಲಿ ಉಣ್ಣೆಯ ಮಂಗನ ಟೊಪ್ಪಿಗೆ ಹಾಕಿ ಬೆವರುತ್ತಿದ್ದ ಒಬ್ಬ ಗಂಡಸೂ ಕೂತಿದ್ದರು. ಚಳಿಜ್ವರದವರಿರಬೇಕೆಂದು ನಾವು ದೂರ ಸರಿದು ಕೂತೆವು.

ಸುರೇಖಾ ಅವರು ಬಾಗಿಲಿಗೆ ಬಂದು, "ನೆತ್ತಿ ಯಾರ್ರಿ? ಬರ್ರಿ. ಟೊಪ್ಪಿಗಿ ಇಲ್ಲೇ ತಗೀರಿ" ಎಂದು ಕೂಗಿದರು. ಗಂಡಸು ಅಲುಗಾಡಲಿಲ್ಲ. ಸುರೇಖಾ ಅವರೇ ಬಂದು ಟೊಪ್ಪಿಗೆಯನ್ನು ಕಿತ್ತರು. ಒಳಗಿದ್ದವರು ಯುವರಾಜ. ನೆತ್ತಿಯ ಎಡಕ್ಕೆ ಕೂದಲು ಚೆಂದವಾಗಿ ತಿರುಗಿ ಒಂದು ಸುಳಿಯಾಗಿತ್ತು. ಬಲಕ್ಕೆ, ಅದರ ಜೋಡಿ ಇರಬೇಕಾದ ಜಾಗದಲ್ಲಿ, ರೊಟ್ಟಿ ಹಂಚಿನ ಮೇಲೆ ಹತ್ತಿಕೊಂಡಂತೆ ದುಂಡಗಿನ ಕರಿ ಬೋಳು.

ಮಾನ್ಯರೇ, ತಲೆಯ ಮೇಲೆ ಎರಡು ಸುಳಿ ಇದ್ದವನಿಗೆ ಎರಡು ಮದುವೆ ಎಂಬುದು ನಮ್ಮಲ್ಲಿ ತೊಟ್ಟಿಲ ಕೂಸಿನ ತಲೆ ನೋಡಿ ಹೇಳುವ ಮಾತು. ಅಂಥವನಿಗೆ ಹೆಣ್ಣು ಕೊಡಲು ಹಿಂದೆ ಮುಂದೆ ನೋಡುತ್ತಾರೆ. ನನ್ನ ಕತ್ತಿಗಿಂತ ಎಷ್ಟೋ ಮೊದಲು ಆ ನೆತ್ತಿ ತಮ್ಮ ಸೇವೆಗೆ ಬಂದಿತ್ತು. ಅವರದು ಯಾವಾಗಲೂ ಸಂಜೆಯ ಹೊತ್ತಂತೆ. ದೊಡ್ಡವ್ವ ಎದೆಯ ಮೇಲೆ ಕೈಯಿಟ್ಟುಕೊಂಡು, "ಯಪ್ಪಾ, ಎರಡ ಸುಳಿ!" ಎಂದಳು. ಬೆಂಚಿನ ಮುದುಕಿ ಸೆರಗು ಸರಿಸಿದರು. ದುರಗವ್ವನವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಬೀಗತಿ, ನೀವೂ ಬಂದೀರೇನು? ನಮ್ಮೂರಾಗ ಹೊಸಾ ಮಷೀನು ಬಂದೈತೆಂದ್ರು, ನೋಡಿ ಹೋಗೂಣಂತ ಬಂದ್ವಿ" ಎಂದರು. ನನ್ನ ದೊಡ್ಡವ್ವನೂ ಕಡಿಮೆಯವಳಲ್ಲ. "ನಾವೂ ಅಷ್ಟರಿ. ಊರು ನೋಡಾಕ ಬಂದಿದ್ವಿ" ಎಂದಳು. "ಜಿಂಕಿ ಕಂಡ್ವೇನ್ರಿ?" ಎಂದು ಅವರು ವಿಚಾರಿಸಿದರು. "ಇಲ್ರಿ, ಆಡು ಕಂಡ್ವು" ಎಂದು ಈಕೆ ಒಪ್ಪಿಸಿದಳು. ಹೀಗೆ ಕೆಲಹೊತ್ತು ಇಬ್ಬರೂ ಪ್ರೇಕ್ಷಣೀಯ ಸ್ಥಳಗಳ ಕುರಿತು ಬಹು ಗೌರವದಿಂದ ಮಾತಾಡಿಕೊಂಡರು. ತಾವೂ ಅವುಗಳಲ್ಲಿ ಒಂದೆಂಬ ಮಾನ್ಯತೆ ಪಡೆದದ್ದು ಆ ಗಳಿಗೆಯಲ್ಲೇ.

ನಾನು ಯುವರಾಜ ಅವರ ಮುಂದೆ ಹೋಗಿ ನಿಂತೆ. ಕೋಪ ಬಂದಿತ್ತು, ಆದರೆ ಅದಕ್ಕಿಂತ ಹೆಚ್ಚಾಗಿ ನಗು ಬರುವಂತಿತ್ತು. ಅವರೂ ನಕ್ಕಿದ್ದರೆ ಎಲ್ಲ ಅಲ್ಲಿಗೇ ಮುಗಿದು, ಇಬ್ಬರೂ ಸೇರಿ ಈ ಕಥೆಯನ್ನು ಮೊಮ್ಮಕ್ಕಳಿಗೆ ಹೇಳುತ್ತಿದ್ದೆವು. "ಎರಡ ಲಗ್ನದಾಗ ನಾ ಒಂದನೇದಾಕೀನೋ, ಎರಡನೇದಾಕೀನೋ, ಅಷ್ಟ ಹೇಳ್ರಿ" ಎಂದು ಕೇಳಿದೆ. ಅವರು ನನ್ನನ್ನು ನೋಡಿದರು, ಕೈಯಲ್ಲಿದ್ದ ಟೊಪ್ಪಿಗೆಯನ್ನು ನೋಡಿದರು, ಬೆಂಚಿನ ಮೇಲಿದ್ದ ಅಜ್ಜಿಯ ಕಡೆ ನೋಡಿದರು. "ಆಯೀನ್ನ ಕೇಳಿ ಹೇಳ್ತೇನ್ರಿ" ಎಂದರು.

ಅಷ್ಟೇ, ಮಾನ್ಯರೇ. ಎರಡು ಸುಳಿಯ ಗಂಡನ್ನು ನಾನು ಬೇಡವೆನ್ನುತ್ತಿರಲಿಲ್ಲ, ನಾಲ್ಕಿದ್ದರೂ ಎನ್ನುತ್ತಿರಲಿಲ್ಲ. ಆದರೆ ಅಂದು ನಮ್ಮ ಮನೆಯಲ್ಲಿ ಹತ್ತು ಜನರೆದುರು ನನ್ನ ಜಡೆಯನ್ನು ಎತ್ತಿ ಕತ್ತು ತೋರಿಸಿದಾಗ, ಅವರು ಮಾಡಬೇಕಾಗಿದ್ದದ್ದು ಒಂದೇ ಕೆಲಸ: ತಲೆಯ ಟೋಪಿ ತೆಗೆಯುವುದು. ಅದನ್ನು ಬಿಟ್ಟು ಗೋಡಂಬಿ ನೋಡಿದರು. ಸ್ವಂತ ನೆತ್ತಿ ಉರಿಯುವುದು ಗೊತ್ತಿದ್ದೂ ನನ್ನ ಕತ್ತನ್ನು ಉರಿಯಲು ಕಳಿಸಿದರು. "ನಂಬೂದಿಲ್ರಿ" ಎಂದ ಅವರ ಮೊದಲನೆಯ ಮಾತನ್ನು ನಾನು ಇಷ್ಟು ದಿನ ಸುಮ್ಮನೆ ಹಿಡಿದುಕೊಂಡಿದ್ದೆ. ಒಳಗಿನಿಂದ "ಕುತ್ತಿಗಿ ಬರ್ರಿ" ಎಂದು ಕೂಗು ಬಂತು. ಕುತ್ತಿಗೆ ಮೆಟ್ಟಿಲು ಇಳಿದು ಬಸ್ಸು ಹತ್ತಿತು. ಅಂದು ದೊಡ್ಡವ್ವನಿಗೆ ವಾಂತಿಯಾಗಲಿಲ್ಲ, ನಾನೇ ದಾರಿಯುದ್ದಕ್ಕೂ ಅತ್ತೆ.

ನಿಶ್ಚಯದ ಸೀರೆಯನ್ನು ಮಡಚಿ ಅಪ್ಪನ ಮುಂದೆ ಇಟ್ಟೆ. ತಂಗಿಯ ಗತಿಯೇನೆಂದು ಅವ್ವ ಗೋಳಾಡಿದಳು. ಅಪ್ಪ ಮೂರನೆಯ ದಿನ ಸೀರೆಯನ್ನು ಚೀಲದಲ್ಲಿ ಹಾಕಿಕೊಂಡು ತಾವೇ ರಾಣೆಬೆನ್ನೂರಿಗೆ ಹೋಗಿ ಕೊಟ್ಟುಬಂದರು. ಏನಂದರೆಂದು ಕೇಳಿದರೆ, "ಅವರ ಮನ್ಯಾಗ ಹೋರಿ ಚೊಲೋ ಅದಾವ" ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದರು. ಇನ್ನು ಓಣಿಗೆ ಗೊತ್ತಾಗದೆ ಇರುತ್ತದೆಯೆ? ಸುಗರಾಬಿ ಚಿಕ್ಕಮ್ಮ ಬಂದು ನನ್ನ ಜಡೆ ಎತ್ತಿ ನೋಡಿ, "ಇಷ್ಟಕ್ಕ ಇಷ್ಟೂರು ತಿರಿಗಿದ್ರೇನು? ನನ್ನ ಬೆನ್ನಾಗೂ ಒಂದೈತಿ. ನಮ್ಮತ್ತಿ ಇನ್ನೂ ಗುಂಡಕಲ್ಲಿನಂಗ ಅದಾಳ, ಮುಂಜಾನಿಂದ ನನ್ನ ಬೈಯಾಕತ್ತಾಳ" ಎಂದಳು. ಎಷ್ಟೋ ದಿನಗಳ ಮೇಲೆ ಅಂದು ನಮ್ಮ ಮನೆಯಲ್ಲಿ ನಗು ಕೇಳಿಸಿತು.

ಮಾನ್ಯರೇ, ಇಷ್ಟೆಲ್ಲ ಬರೆದದ್ದು ತಮ್ಮನ್ನು ದೂರಲೆಂದು ಅಲ್ಲ. ತಾವು ಯಾರ ಹಣೆಬರಹವನ್ನೂ ಓದದೆ, ತೋರಿಸಿದ ಜಾಗವನ್ನು ಮಾತ್ರ ಸುಟ್ಟವರು. ನಾನು ಕಂಡ ಮೂರು ತಾಲ್ಲೂಕುಗಳಲ್ಲಿ ಇಷ್ಟು ಪ್ರಾಮಾಣಿಕರು ಬೇರೆ ಸಿಗಲಿಲ್ಲ. ಆದರೂ ಕೆಲವು ಕೋರಿಕೆಗಳನ್ನು ತಮ್ಮ ಪಾದಕ್ಕೆ ಅರ್ಪಿಸುತ್ತೇನೆ. ಮುಂದಿನ ಸಲ ಬರುವಾಗ ಕೂದಲಿನ ಬದಲು ಕೂದಲು ನೋಡುವ ಕಣ್ಣಿನ ಕಡೆ ತಿರುಗಿಸಬಹುದಾದ ಒಂದು ಕೊಳವೆಯನ್ನು ಜೋಡಿಸಿಕೊಂಡು ಬರಬೇಕು. ಅದು ಆಗದಿದ್ದರೆ, ಟೋಪಿಯನ್ನು ತಲೆಯಿಂದ ತಾನಾಗಿಯೇ ಹಾರಿಸುವಷ್ಟು ಗಾಳಿಯನ್ನಾದರೂ ಹೆಣ್ಣು ನೋಡುವ ಮನೆಗಳಿಗೆ ಕಳಿಸಿಕೊಡಬೇಕು. ಅಭಯಾರಣ್ಯಕ್ಕೂ ಕೆರೆಗೂ ದಾರಿ ತೋರಿಸುವ ಹಲಗೆಯ ಮೇಲೆ ತಮ್ಮ ಹೆಸರನ್ನೂ ಬರೆಸಲು ಪ್ರವಾಸೋದ್ಯಮದವರಿಗೆ ಹೇಳಬೇಕು. ಜಿಂಕೆ ಕಾಣದೆ ಮರಳುವವರಿಗೆ ಬೀಗರಾದರೂ ಕಂಡಾರು. ದುರಗವ್ವನವರ ಹೋರಿಗಳಿಗೆ ಒಂದು ಉಚಿತ ಶಿಬಿರ ಏರ್ಪಡಿಸಿ ಒಳ್ಳೆಯ ಸುಳಿಗಳನ್ನೆಲ್ಲ ತೆಗೆದುಬಿಡಬೇಕು. ಅವು ಆಗಲೂ ಹಾಗೆಯೇ ಓಡಿದರೆ ಅಜ್ಜಿಯವರ ಮುಖ ಹೇಗಾಗುತ್ತದೆಂದು ನೋಡಲು ನನಗೆ ಬಹಳ ಆಸೆಯಿದೆ, ಅದಕ್ಕಾಗಿ ಇನ್ನೊಮ್ಮೆ ಊರು ನೋಡಲು ಬರಬಲ್ಲೆ. ಕೊನೆಯದಾಗಿ, ತಾವು ಸುಟ್ಟ ನನ್ನ ಕೂದಲನ್ನು ಒಂದು ಲಕೋಟೆಯಲ್ಲಿ ಹಾಕಿ ಮರಳಿ ಕಳಿಸಬೇಕು. ಅದು ನನ್ನದು. ಅದನ್ನು ಕೊಡಲು ಒಪ್ಪಿದಾಗ ನನಗೆ ಅದರ ಬೆಲೆ ಗೊತ್ತಿರಲಿಲ್ಲ.

ತಮ್ಮ ದೀಪ ಆರದಿರಲಿ, ಕರೆಂಟು ಹೋಗಬೇಕಾದ ಹೊತ್ತಿಗೆ ತಪ್ಪದೆ ಹೋಗುತ್ತಿರಲಿ ಎಂದು ಹಾರೈಸುವ,

ಸುಟ್ಟು ಉಳಿದಷ್ಟೂ ವಿಶ್ವಾಸದಿಂದ,
ತಮ್ಮ ವಿಶ್ವಾಸಿ,
ಅರುಣಾ ನಿಜಲಿಂಗಪ್ಪ
(ತಮ್ಮಲ್ಲಿ: ಕುತ್ತಿಗೆ)

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ಎರಡು ಸುದ್ದಿ ಬಂದವು. ಯುವರಾಜ ಅವರಿಗೆ ಶಿಕಾರಿಪುರದ ಕಡೆ ಮತ್ತೊಂದು ಹೆಣ್ಣು ಗೊತ್ತಾಗಿದೆಯಂತೆ. ನಿಶ್ಚಯವಾದರೆ ಅರ್ಧ ಮದುವೆಯಾದಂತೆ ಎನ್ನುವವರು ದುರಗವ್ವನವರೇ. ಆ ಲೆಕ್ಕದಲ್ಲಿ ಇದು ಎರಡನೆಯದು. ನನ್ನ ಸುಳಿಯೂ ಮಾತು ತಪ್ಪಲಿಲ್ಲ, ಅತ್ತೆಯಾಗಲಿದ್ದವರು ಅತ್ತೆಯಾಗಿ ಉಳಿಯಲಿಲ್ಲ. ಶಾಸ್ತ್ರವನ್ನು ಸುಳ್ಳು ಮಾಡಲು ಕರೆಸಿದ ತಾವು ಎರಡೂ ಕಡೆ ಅದನ್ನು ಖರೇ ಮಾಡಿ ತೋರಿಸಿದ್ದೀರಿ, ಅಭಿನಂದನೆಗಳು. ಇನ್ನು ಕೂದಲು ಮರಳಿಸಬೇಕೆಂಬ ಕೋರಿಕೆಯನ್ನು ಹಿಂದಕ್ಕೆ ಪಡೆದಿದ್ದೇನೆ. ಇವತ್ತು ಬೆಳಿಗ್ಗೆ ಶಾಲೆಗೆ ಹೊರಡಲು ಕೂದಲೆತ್ತಿ ತುರುಬು ಕಟ್ಟುವಾಗ ಶ್ವೇತಾ ಹಿಂದೆ ನಿಂತು ಕೂಗಿದಳು: ನನ್ನ ಸುಳಿ ಅದೇ ಜಾಗದಲ್ಲಿ, ಅದೇ ಕಡೆಗೆ ತಿರುಗಿಕೊಂಡು ಬಂದು ಕೂತಿದೆ. ಅದೂ ಊರು ನೋಡಲು ಹೋಗಿತ್ತೆಂದು ಕಾಣುತ್ತದೆ. ತುರುಬನ್ನು ಹಾಗೆಯೇ ಎತ್ತರಕ್ಕೆ ಕಟ್ಟಿಕೊಂಡು ಶಾಲೆಗೆ ಹೋದೆ.